ಆಗದೇ ಹೋದ ಚಿಕ್ಕೋಡಿ ಸಂಸ್ಥಾನ: ಒಂದು ಸಂಶೋಧನೆ

ಚಿಕ್ಕೋಡಿ ಜಿಲ್ಲೆಯಾಗಬೇಕೆಂಬ ಬೇಡಿಕೆಯ ಸುತ್ತ ಹುಟ್ಟಿದ ಸಾಹಿತ್ಯ ಅಪಾರ. ಮನವಿಪತ್ರ, ಬಂದ್ ಕರೆ, ಧರಣಿಯ ಪೆಂಡಾಲಿನ ಭಾಷಣ, ಚುನಾವಣೆಗೆ ಮುಂಚಿನ ಭರವಸೆ, ಚುನಾವಣೆಯ ನಂತರದ ಸಮಜಾಯಿಷಿ ಹೀಗೆ ಎಲ್ಲ ಪ್ರಕಾರಗಳೂ ಅದರಲ್ಲಿವೆ. ಆದರೆ ಜಿಲ್ಲೆಯ ಗೊಡವೆಯೇ ಬೇಡವೆಂದು ಈ ಭಾಗದವರು ಸೀದಾ ಅರಸೊತ್ತಿಗೆಯನ್ನೇ ಕಟ್ಟಿಕೊಂಡಿದ್ದರೆ ಏನಾಗುತ್ತಿತ್ತು ಎಂಬುದನ್ನು ವಿದ್ವಾಂಸರು ಯಾಕೋ ಕೈಬಿಟ್ಟಿದ್ದಾರೆ. ಆ ಕೊರತೆಯನ್ನು ತುಂಬುವುದೇ ಈ ಪ್ರಬಂಧದ ಉದ್ದೇಶ. ಅಧ್ಯಯನದ ವ್ಯಾಪ್ತಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ. ಹುಕ್ಕೇರಿಯವರು ಸಿಟ್ಟಾಗಬಾರದು, ಸಾಮ್ರಾಜ್ಯ ವಿಸ್ತರಣೆ ಎರಡನೇ ಹಂತದಲ್ಲಿ.

ಮೊದಲು ಸಿದ್ಧಾಂತ. ಈ ಸೀಮೆಯ ಇತಿಹಾಸವನ್ನು ಆಳುವುದು ಒಂದೇ ನಿಯಮ, ಅದಕ್ಕೆ ‘ಕೊಟ್ಟು ಕಸಿಯುವ ನಿಯಮ’ ಎಂದು ನಾವು ಹೆಸರಿಟ್ಟಿದ್ದೇವೆ. ಪೇಶ್ವೆಯ ಕೊನೆಯ ಯುದ್ಧದ ಬಳಿಕ ಬ್ರಿಟಿಷರು ತಮ್ಮ ಪಕ್ಷದಲ್ಲಿದ್ದ ಕೊಲ್ಲಾಪುರದ ರಾಜನಿಗೆ ಚಿಕ್ಕೋಡಿ ಮತ್ತು ಮುನವಳ್ಳಿ ಸೀಮೆಗಳನ್ನು ಬಿಟ್ಟುಕೊಟ್ಟರು. 1820ರ ದಶಕ ಮುಗಿಯುವುದರೊಳಗೆ ರಾಜನ ನಡತೆ ನೆಟ್ಟಗಿಲ್ಲವೆಂದು ವಾಪಸ್ ಕಸಿದುಕೊಂಡರು. 1967ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನ್ ಅವರ ಆಯೋಗ 264 ಹಳ್ಳಿಗಳ ಜೊತೆ ನಿಪ್ಪಾಣಿಯನ್ನೂ ಮಹಾರಾಷ್ಟ್ರಕ್ಕೆ ಕೊಡಿ ಎಂದಿತು. ಬೆಳಗಾವಿ ಸಿಗಲಿಲ್ಲವೆಂಬ ಮುನಿಸಿನಲ್ಲಿ ಮಹಾರಾಷ್ಟ್ರ ಇಡೀ ವರದಿಯನ್ನೇ ಒಲ್ಲೆ ಎಂದಿತು. ಕೊಟ್ಟವರು ಕೊಟ್ಟರೂ ತಗೊಳ್ಳುವವರು ತಗೊಳ್ಳಲಿಲ್ಲ, ನಿಯಮದ ಅಪರೂಪದ ಪ್ರಭೇದವಿದು. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಚಿಕ್ಕೋಡಿಯನ್ನೂ ಗೋಕಾಕವನ್ನೂ ಜಿಲ್ಲೆ ಎಂದು ಸಾರಿ, ಪ್ರತಿಭಟನೆ ಎದ್ದೊಡನೆ ಹಿಂತೆಗೆದುಕೊಂಡಿತು.

ಹಿಂತೆಗೆತಕ್ಕೆ ಕೊಟ್ಟ ಕಾರಣವನ್ನು ಸ್ವಲ್ಪ ನಿಂತು ನೋಡಬೇಕು. ಕನ್ನಡದ ತಾಲೂಕುಗಳನ್ನು ಕಿತ್ತುಕೊಂಡರೆ ಉಳಿದ ಬೆಳಗಾವಿ ಜಿಲ್ಲೆಯಲ್ಲಿ ಮರಾಠಿಯ ಪಾಲು ಏರುತ್ತದೆ, ಗಡಿ ತಕರಾರಿನಲ್ಲಿ ನಮ್ಮ ಕಡೆ ಸಡಿಲವಾಗುತ್ತದೆ ಎಂಬುದು ಕನ್ನಡಪರ ಹೋರಾಟಗಾರರ ವಾದ. ಲೆಕ್ಕ ಸರಿಯಾಗೇ ಇದೆ. ಆದರೆ ಅದರ ಪ್ರಕಾರ ಅಥಣಿಯ ರೈತ ಬೆಳಗಾವಿಯ ತಕ್ಕಡಿಯಲ್ಲಿಟ್ಟ ತೂಕದ ಕಲ್ಲು, ಎದ್ದು ಹೋಗುವಂತಿಲ್ಲ. ಅವನ ಜಿಲ್ಲಾ ಕಚೇರಿಯ ಕೆಲಸಕ್ಕೆ ಬೆಳಗಾವಿ ನೂರು ಕಿಲೋಮೀಟರಿಗೂ ಆಚೆ ಇದ್ದರೂ ಅಷ್ಟೇ. ಮಕ್ಕಳಿಗೆ ಮಾತ್ರ ವಿನಾಯಿತಿ: ಶಾಲಾ ಇಲಾಖೆಯ ಕಡತದಲ್ಲಿ ಚಿಕ್ಕೋಡಿ ‘ಶೈಕ್ಷಣಿಕ ಜಿಲ್ಲೆ’. ವಾಹನಗಳಿಗೂ ಕೆಎ-23 ಎಂಬ ಸ್ವಂತ ನಂಬರು ಇದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಜಿಲ್ಲೆಯಾಗುವ ಊರು ಮರುದಿನ ಮತ್ತೆ ತಾಲೂಕು.

ನಮ್ಮ ಪರ್ಯಾಯ ಇತಿಹಾಸ ಕವಲೊಡೆಯುವುದು ಇಲ್ಲಿ. ಜಿಲ್ಲೆಗೆ ಸಂಪುಟದ ಒಪ್ಪಿಗೆ ಬೇಕು, ರಾಜನಿಗೆ ಬೇಡ. ಸಂವಿಧಾನದ 18ನೇ ವಿಧಿ ಬಿರುದುಗಳನ್ನು ಕಿತ್ತಿದೆ, 1971ರ 26ನೇ ತಿದ್ದುಪಡಿ ರಾಜಧನವನ್ನೂ ನಿಲ್ಲಿಸಿದೆ ಎಂದು ವಕೀಲರು ಆಕ್ಷೇಪಿಸಬಹುದು. ಉತ್ತರ ಸಿದ್ಧವಿದೆ: ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ಗಡಿ ದಾವೆ ಇತ್ಯರ್ಥವಾಗುವವರೆಗೆ ಮಧ್ಯಂತರ ವ್ಯವಸ್ಥೆಯಾಗಿ ಒಬ್ಬ ರಾಜ. ಅಂದರೆ ಹೆಚ್ಚುಕಡಿಮೆ ಶಾಶ್ವತ ರಾಜವಂಶ.

ರಾಯಬಾಗದವರಿಗೆ ಇದೆಲ್ಲ ಹಳೆಯ ಸಂಗತಿ. 1949ರಲ್ಲಿ ಕೊಲ್ಲಾಪುರ ಸಂಸ್ಥಾನ ಮುಂಬೈ ಪ್ರಾಂತಕ್ಕೆ ಸೇರುವವರೆಗೂ ಅವರು ರಾಜನ ಪ್ರಜೆಗಳೇ. 1902ರಲ್ಲಿ ಶಾಹು ಮಹಾರಾಜರು ಹಿಂದುಳಿದವರಿಗೆ ಸಂಸ್ಥಾನದ ನೌಕರಿಯಲ್ಲಿ ಶೇ 50 ಮೀಸಲಿಟ್ಟಾಗ ರಾಯಬಾಗ ಆ ಆಜ್ಞೆಯೊಳಗಿತ್ತು, ಪಕ್ಕದ ಬ್ರಿಟಿಷ್ ಚಿಕ್ಕೋಡಿ ಇರಲಿಲ್ಲ. ಅರಸೊತ್ತಿಗೆಯ ವಿರೋಧಿಗಳು ಈ ಒಂದು ಜಾಗದಲ್ಲಿ ಗಂಟಲು ಸರಿಪಡಿಸಿಕೊಳ್ಳಬೇಕಾಗುತ್ತದೆ. ನಿಪ್ಪಾಣಿಯವರು ಸುಮ್ಮನಿರುವರೆ? ತಮ್ಮ ದೇಸಾಯಿ ಸಿದ್ದೋಜಿರಾವ್ ನಿಪ್ಪಾಣಕರ ಇದೇ ಚಿಕ್ಕೋಡಿ ಸೀಮೆಗಾಗಿ ಕೊಲ್ಲಾಪುರದ ಮೇಲೆ ಕುದುರೆ ಓಡಿಸಿದವ, ಗಾದಿ ನಮ್ಮದೇ ಎನ್ನುತ್ತಾರೆ.

ಹಾಗಾದರೆ ಪಟ್ಟ ಯಾರಿಗೆ? ಈ ಅಧ್ಯಾಯವೇ ಕಠಿಣ. ಮೊದಲ ಉಮೇದುವಾರ ಸಕ್ಕರೆ ಕಾರ್ಖಾನೆಯ ಚೇರಮನ್ ಎಂಬ ಸಂಸ್ಥೆ. ಅವರಿಗೆ ‘ಕಾರ್ಯಕ್ಷೇತ್ರ’ ಎಂಬ ಸ್ವಂತ ಸೀಮೆಯಿದೆ, ಕಪ್ಪಕಾಣಿಕೆ ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್ ಕಟ್ಟಿಕೊಂಡು ಹಾಡು ಹಚ್ಚಿಕೊಂಡು ತಾನಾಗೇ ಗೇಟಿಗೆ ಬರುತ್ತದೆ, ಗಾದಿ ಅಪ್ಪನಿಂದ ಮಗನಿಗೆ ಹೋಗುವ ರೂಢಿಯೂ ಉಂಟು. ಪ್ರಜೆಗಳು ದರಕ್ಕಾಗಿ ಬೀದಿಗಿಳಿಯುವುದೂ ಉಂಟು. 2025ರ ನವೆಂಬರಿನಲ್ಲಿ ಟನ್ ಕಬ್ಬಿಗೆ 3,500 ರೂಪಾಯಿ ಕೇಳಿ ಗುರ್ಲಾಪುರ ಕ್ರಾಸಿನಲ್ಲಿ ಕೂತವರು 3,300ಕ್ಕೆ ಎದ್ದರು. ಎಲ್ಲ ಲಕ್ಷಣಗಳೂ ಕೂಡಿವೆ. ತೊಡಕು ಒಂದೇ: ಕಿರೀಟ ಇಟ್ಟರೆ ಅದು ಅವರಿಗೆ ಬಡ್ತಿಯಾಗದು, ಹಿಂಬಡ್ತಿಯಾದೀತು.

ಎರಡನೆಯದಾಗಿ ಈ ಮಣ್ಣಿನ ನಿಜವಾದ ದೊಡ್ಡವರು. ಭೋಜದ ಶಾಂತಿಸಾಗರರು (ಜನನ 1872), ಶೇಡಬಾಳದ ವಿದ್ಯಾನಂದರು (1925), ಸದಲಗಾದ ವಿದ್ಯಾಸಾಗರರು (1946): ದೇಶದ ಉದ್ದಗಲಕ್ಕೂ ಜೈನರು ತಲೆಬಾಗಿದ ಈ ಮೂವರು ದಿಗಂಬರ ಆಚಾರ್ಯರೂ ನಮ್ಮ ಅಧ್ಯಯನದ ವ್ಯಾಪ್ತಿಯವರೇ. ಉಟ್ಟ ಬಟ್ಟೆಯನ್ನೇ ಬಿಟ್ಟು ನಡೆದವರ ತಲೆಗೆ ಕಿರೀಟ ತೊಡಿಸಲು ಹೋಗುವುದು ಅಪಚಾರ. ಆಳಬಲ್ಲವರು ಎಲ್ಲ ಬಿಟ್ಟು ಹೋದರು, ಏನನ್ನೂ ಬಿಡದವರು ಆಳುತ್ತಿದ್ದಾರೆ ಎಂಬುದು ಈ ಅಧ್ಯಾಯದ ಉಪಸಿದ್ಧಾಂತ.

ಮೂರನೆಯದು ಕೃಷ್ಣೆ. ಸಾರ್ವಭೌಮ ಲಕ್ಷಣಗಳಲ್ಲಿ ಅವಳನ್ನು ಮೀರಿಸುವವರಿಲ್ಲ. ಆಗಸ್ಟಿನಲ್ಲಿ ಕಲ್ಲೋಳ-ಯಡೂರ ಸೇತುವೆಯ ಮೇಲೆ ಹರಿದು ಅಪ್ಪಣೆಯಿಲ್ಲದೆ ಮನೆ ಹೊಗುತ್ತಾಳೆ. ಬೇಸಿಗೆಯಲ್ಲಿ ದರ್ಶನವಿಲ್ಲ, ಕೊಯ್ನಾದಿಂದ ನೀರು ಬಿಡಿಸಿ ಎಂದು ಬೆಂಗಳೂರಿನವರು ಮುಂಬೈಗೆ ಪತ್ರ ಬರೆಯಬೇಕು. ಆದರೆ ಆಕೆ ಹುಟ್ಟಿದ್ದು ಮಹಾಬಳೇಶ್ವರದಲ್ಲಿ. ಸ್ಥಳೀಯ ಮೀಸಲಾತಿಯಡಿ ಅರ್ಜಿ ತಿರಸ್ಕೃತ.

ಕೊನೆಗೆ ದಾರಿ ತೋರಿದ್ದು ರಾಮಾಯಣ. ಯೋಗ್ಯನಾದವ ಕಾಡಿನಲ್ಲಿದ್ದರೆ ಸಿಂಹಾಸನದ ಮೇಲೆ ಪಾದುಕೆ ಇಡಬಹುದೆಂದು ಭರತ ತೋರಿಸಿಕೊಟ್ಟಿದ್ದಾನೆ. ಪಾದುಕೆಗೆ ಅಥಣಿಗಿಂತ ಬೇರೆ ಊರು ಯಾವುದು? ಕೊಲ್ಲಾಪುರಿ ಎಂದು ಮಾರಾಟವಾಗುವ ಜೋಡಿಗಳಲ್ಲಿ ಎಷ್ಟೋ ಹುಟ್ಟುವುದು ಅಥಣಿಯ, ನಿಪ್ಪಾಣಿಯ ಓಣಿಗಳಲ್ಲಿ: ತೊಗಲು ಹದ ಮಾಡಿ, ಅಟ್ಟೆ ಕತ್ತರಿಸಿ, ಹೆಂಗಸರು ಜಡೆಯಂಥ ಹೆಣಿಗೆ ಹೆಣೆದು, ಮೊಳೆ ಹೊಡೆಯದೆ ಬರೀ ತೊಗಲ ದಾರದಲ್ಲಿ ಹೊಲಿದವು. 2019ರಲ್ಲಿ ಇದಕ್ಕೆ ಭೌಗೋಳಿಕ ಗುರುತು ಸಿಕ್ಕಾಗ ಕರ್ನಾಟಕದ ನಾಲ್ಕು ಜಿಲ್ಲೆ, ಮಹಾರಾಷ್ಟ್ರದ ನಾಲ್ಕು ಜಿಲ್ಲೆ ಎಂದು ಜಂಟಿಯಾಗಿ ಹಂಚಿಕೊಂಡರು. ಗಡಿಯ ವಿಷಯದಲ್ಲಿ ಎರಡೂ ಸರ್ಕಾರ ಜಗಳವಿಲ್ಲದೆ ಒಪ್ಪಿಕೊಂಡ ದಾಖಲೆ ಇದರ ಹೊರತು ನಮ್ಮ ಗಮನಕ್ಕೆ ಬಂದಿಲ್ಲ. 2025ರಲ್ಲಿ ಪ್ರಾಡಾ ಕಂಪನಿ ಮಿಲಾನಿನಲ್ಲಿ ಹೆಸರು ಹೇಳದೆ ಇದೇ ಚಪ್ಪಲಿಯನ್ನು ಮೆರೆಸಿ, ಗದ್ದಲವಾದ ಮೇಲೆ ಮೂಲ ಒಪ್ಪಿಕೊಂಡಿತು. ಅಲ್ಲಿಗೆ ವಿದೇಶಿ ಮಾನ್ಯತೆಯೂ ಸಿಕ್ಕಂತಾಯಿತು. ಎಡಗಾಲಿನದು ಕರ್ನಾಟಕ, ಬಲಗಾಲಿನದು ಮಹಾರಾಷ್ಟ್ರ. ಒಂದೇ ಇದ್ದರೆ ಯಾರಿಗೂ ಉಪಯೋಗವಿಲ್ಲ.

ಪಟ್ಟಾಭಿಷೇಕ ಚಿಂಚಲಿಯಲ್ಲಿ. ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದ ಬಂದ ಬಂಡಿಗಳೂ ಇಲ್ಲಿಯ ಬಂಡಿಗಳೂ ಒಟ್ಟಿಗೇ ಬೀಡು ಬಿಡುತ್ತವೆ, ಭಂಡಾರ ಹಾರಿದ ಮೇಲೆ ಯಾರ ಮುಖವೂ ಯಾವ ರಾಜ್ಯದ್ದೆಂದು ಗೊತ್ತಾಗುವುದಿಲ್ಲ. ಕೊಗನೊಳ್ಳಿ ಟೋಲ್ ನಾಕೆ ರಾಜ್ಯದ ಹೆಬ್ಬಾಗಿಲು. ಗಡಿ ಗಲಾಟೆಯಾದಾಗಲೆಲ್ಲ ನಮ್ಮ ಬಸ್ಸು ನಿಪ್ಪಾಣಿಗೆ, ಅವರ ಬಸ್ಸು ಕಾಗಲಿಗೆ ನಿಂತು, ನಡುವಿನ ಹಾದಿಯಲ್ಲಿ ಚೀಲ ಹೊತ್ತ ಮುದುಕಿ ‘ಯಾರ್ ಮ್ಯಾಲ್ ಸಿಟ್ಟೋ, ನಮ್ಮ ಕಾಲಿಗಿ ತ್ರಾಸು’ ಅನ್ನುವುದು ಅರಸೊತ್ತಿಗೆಯಲ್ಲಿ ನಿಲ್ಲುತ್ತದೆ. ರಾಜಧಾನಿಯ ಪ್ರಶ್ನೆ ಮಾತ್ರ ಬಗೆಹರಿದಿಲ್ಲ. ಚಿಕ್ಕೋಡಿಯನ್ನು ಅಥಣಿ ಒಪ್ಪುವುದಿಲ್ಲ, ಅಥಣಿಯನ್ನು ಅದರಿಂದಲೇ ಬಿಡಿಸಿಕೊಂಡು ತಾಲೂಕಾದ ಕಾಗವಾಡ ಒಪ್ಪುವುದಿಲ್ಲ. ಸಂಸ್ಥಾನಕ್ಕೂ ಒಂದು ಗಡಿ ಆಯೋಗ ಬೇಕಾಗಬಹುದು.

ಅರಮನೆಗೆ ಜಾಗ ನೋಡಿದ್ದಾಗಿದೆ. ಅದು ಕಬ್ಬಿನ ಹೊಲವಾದ್ದರಿಂದ ಎನ್.ಎ. (ಕೃಷಿಯೇತರ) ಮಾಡಿಸಬೇಕು, ಆ ಆದೇಶಕ್ಕೆ ಸಹಿ ಹಾಕಬೇಕಾದವರು ಜಿಲ್ಲಾಧಿಕಾರಿ, ಅವರು ಕೂಡುವುದು ಬೆಳಗಾವಿಯಲ್ಲಿ. ರಾಜಪಾದುಕೆಗಳು ನಸುಕಿನ ಬಸ್ಸಿಗೆ ಹೋಗಿ ಸಂಜೆ ವಾಪಸಾಗಿವೆ. ಸಾಹೇಬರು ಮೀಟಿಂಗಿನಲ್ಲಿದ್ದರಂತೆ, ಮುಂದಿನ ಸೋಮವಾರ ಬರ್ರಿ ಎಂದರಂತೆ. ಅಟ್ಟೆ ಈಗಲೇ ಒಂದು ಪದರ ಸವೆದಿದೆ. ಕಡತ ಮುಂದೆ ಸರಿಯುವಷ್ಟರಲ್ಲಿ ಎರಡನೇ ಜೋಡಿ ಪಟ್ಟಕ್ಕೆ ಬರಬೇಕಾದೀತೆಂದು ಅಥಣಿಯಲ್ಲಿ ಆಗಲೇ ತೊಗಲು ಹದಕ್ಕೆ ಹಾಕಿದ್ದಾರೆ.