ಹತ್ತೊಂಬತ್ತನೆಯವನ ಪರವಾಗಿ ಒಂದು ವಕಾಲತ್ತು

ದೊಡ್ಡ ನಗರದಲ್ಲಿ ಮ್ಯಾರಥಾನ್ ಮುಗಿದ ಮರುದಿನ ಪತ್ರಿಕೆಯಲ್ಲಿ ಮೂರು ಹೆಸರು ಬರುತ್ತವೆ. ಓಡಿದವರು ಸಾವಿರಾರು ಮಂದಿ. ಉಳಿದವರೆಲ್ಲ ‘ಮುಂತಾದವರು ಭಾಗವಹಿಸಿದ್ದರು’ ಎಂಬ ಸಾಲಿನಲ್ಲಿ ಒತ್ತಿಕೊಂಡು ನಿಂತಿರುತ್ತಾರೆ. ನನ್ನ ವಾದವಿಷ್ಟೇ: ಬೇರೆ ಓಟಗಳ ಪಟ್ಟಿಯನ್ನು ಮೇಲಿನಿಂದ ಓದಿ, ಮ್ಯಾರಥಾನಿನದನ್ನು ಕೆಳಗಿನಿಂದ ಓದಿ. ನೂರು ಮೀಟರ್ ಓಟದಲ್ಲಿ ಕೊನೆಯವನು ಗುರಿ ಮುಟ್ಟದಿದ್ದರೆ ಸುದ್ದಿ, 42.195 ಕಿಲೋಮೀಟರಿನಲ್ಲಿ ಮುಟ್ಟಿದ್ದೇ ಸುದ್ದಿ. ದೂರದ ಅಂದಾಜು ಬೇಕಿದ್ದರೆ ಕಂಪ್ಲಿಯಿಂದ ಹೊರಡಿ. ಕಮಲಾಪುರ ದಾಟಿ ಸುಮಾರು ಮೂವತ್ತು ಕಿಲೋಮೀಟರಿಗೆ ಹೊಸಪೇಟೆ. ಬಸ್ಸಿನಲ್ಲಿ ಬಂದವರು ಅಲ್ಲಿ ಇಳಿದು ಚಹಾ ಕುಡಿಯುತ್ತಾರೆ. ಮ್ಯಾರಥಾನಿನವನಿಗೆ ಆ ಭಾಗ್ಯವಿಲ್ಲ. ಸಂಡೂರಿನ ದಾರಿ ಹಿಡಿದು ಇನ್ನೂ ಹನ್ನೆರಡು ಕಿಲೋಮೀಟರ್ ಓಡಬೇಕು. ನಡುವೆ ಕಬ್ಬಿನ ಗದ್ದೆಯವರು “ಯಾಕಪ್ಪಾ, ಬಸ್ಸು ಬರ್ಲಿಲ್ಲೇನು?” ಎಂದರೆ ಅವರಿಗೆ ಉತ್ತರವನ್ನೂ ಹೇಳಬೇಕು.

ಹೇಳಲೇಬೇಕು, ಏಕೆಂದರೆ ಮೊದಲ ಆಕ್ಷೇಪಣೆಯೇ ಅದು: ಈ ಓಟದಿಂದ ಏನುಪಯೋಗ? ನಿಜವಾದ ಅಗತ್ಯಕ್ಕೆ ಓಡುತ್ತಿದ್ದವರು ಹೀಗೆ ಓಡುತ್ತಿರಲಿಲ್ಲ. ಸುಲ್ತಾನ ಮಹಮದ್ ತುಘಲಕನ ಟಪಾಲು ಓಟಗಾರರ ವಿವರವನ್ನು ಪ್ರವಾಸಿ ಇಬ್ನ್ ಬತೂತ ಕೊಟ್ಟಿದ್ದಾನೆ. ಮೈಲಿಗೆ ಮೂರು ಠಾಣೆ. ಗಂಟೆ ಕಟ್ಟಿದ ಕೋಲು ಹಿಡಿದು ಒಬ್ಬ ಓಡಿ ಬಂದರೆ, ಸದ್ದು ಕೇಳಿದ ಕೂಡಲೇ ಮುಂದಿನವನು ಎದ್ದು ನಿಲ್ಲುತ್ತಿದ್ದ. ಕುದುರೆ ಟಪಾಲಿಗಿಂತ ಇದೇ ಬೇಗವಾಗಿತ್ತಂತೆ. ಹುಚ್ಚು ದೊರೆಯೆಂದು ಹೆಸರಾದ ತುಘಲಕನಿಗೂ ಒಂದು ಓಲೆಗಾಗಿ ಒಬ್ಬನನ್ನೇ ನಲವತ್ತೆರಡು ಕಿಲೋಮೀಟರ್ ಓಡಿಸುವ ಯೋಚನೆ ಹೊಳೆಯಲಿಲ್ಲ. ಆದ್ದರಿಂದ ಮ್ಯಾರಥಾನಿನಿಂದ ಮೂರು ಕಾಸಿನ ಉಪಯೋಗವಿಲ್ಲ ಎಂದು ಒಪ್ಪಿಬಿಡೋಣ. ಒಪ್ಪಿದರೆ ನನ್ನ ಪಕ್ಷಕ್ಕೇ ಲಾಭ. ಓಲೆಯಿದ್ದರೆ ಮೊದಲು ತಲುಪಿದವನಿಗೆ ಬೆಲೆ ಹೆಚ್ಚು. ಬರಿಗೈಯಲ್ಲಿ ಬರುವವರಲ್ಲಿ ಮೊದಲು ಬಂದರೇನು, ಮಧ್ಯಾಹ್ನ ಬಂದರೇನು?

ಇನ್ನು ಆ ದೂರವಾದರೂ ಯಾವ ಶಾಸ್ತ್ರದ್ದು? 1908ರ ಲಂಡನ್ ಒಲಿಂಪಿಕ್ಸಿನಲ್ಲಿ ವಿಂಡ್ಸರ್ ಅರಮನೆಯಿಂದ ಹೊರಟು, ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂತ ಕಡೆ ಮುಗಿಯುವಂತೆ ಹಾಕಿದ ದಾರಿಯ ಅಳತೆ ಅದು. ಅಂದು ಇಟಲಿಯ ಡೊರಾಂಡೊ ಪಿಯೆಟ್ರಿ ಮೊದಲಿಗನಾಗಿ ಒಳಗೆ ಬಂದು, ಮತ್ತೆ ಮತ್ತೆ ಕುಸಿದುಬಿದ್ದ. ಅಧಿಕಾರಿಗಳು ಕೈಹಿಡಿದು ಗೆರೆ ದಾಟಿಸಿದರು. ದಾಟಿಸಿದ್ದಕ್ಕಾಗಿಯೇ ಅವನು ಅನರ್ಹನಾದ. ಚಿನ್ನ ಅಮೆರಿಕದ ಜಾನಿ ಹೇಯ್ಸ್‌ಗೆ, ರಾಣಿ ಅಲೆಕ್ಸಾಂಡ್ರಾಳ ಬಟ್ಟಲು ಡೊರಾಂಡೊಗೆ. ಅಳತೆ ಕಾಯಂ ಆದದ್ದು 1921ರಲ್ಲಿ. ಅದಕ್ಕೆ ಒಂದು ವರ್ಷ ಮುಂಚೆ ಆಂಟ್ವರ್ಪ್ ಒಲಿಂಪಿಕ್ಸಿನಲ್ಲಿ 42.75 ಕಿಲೋಮೀಟರ್ ಓಡಿಸಿದರು. ಆ ಹೆಚ್ಚುವರಿ 555 ಮೀಟರನ್ನೂ ಓಡಬೇಕಾಗಿ ಬಂದವರಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆಯೂ ಒಬ್ಬರು. ಪುಣೆಯ ಡೆಕ್ಕನ್ ಜಿಮಖಾನಾದಲ್ಲಿ ರೈತಾಪಿ ಹುಡುಗರು ಬರಿಗಾಲಿನಲ್ಲಿ ಓಡುವುದನ್ನು ಕಂಡ ದೊರಾಬ್ಜಿ ಟಾಟಾ ಮುತುವರ್ಜಿ ವಹಿಸಿ ಕಳಿಸಿದ ತಂಡದಲ್ಲಿ ಅವರಿದ್ದರು. ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾದರು. ಜೊತೆಗೆ ಓಡಿದ ಸದಾಶಿವ ದಾತಾರ್‌ಗೆ ಮುಗಿಸಲಾಗಲಿಲ್ಲ. ಇಂದಿನ ಅಳತೆಗೆ ನಿಲ್ಲಿಸಿದ್ದರೆ ಅದೇ ವೇಗದಲ್ಲಿ ಚೌಗುಲೆಯವರಿಗೆ ಎರಡು ನಿಮಿಷಕ್ಕೂ ಹೆಚ್ಚು ಉಳಿಯುತ್ತಿತ್ತು.

‘ದೂರ ಎಷ್ಟಾದರೂ ಎಲ್ಲರಿಗೂ ಒಂದೇ ತಾನೇ, ಸ್ಥಾನ ನ್ಯಾಯವೇ’ ಎನ್ನುವವರಿದ್ದಾರೆ. ಮುಂದಿನ ಸಾಲಿನವರ ಮಟ್ಟಿಗೆ ನಿಜ. 2023ರಲ್ಲಿ ಶಿಕಾಗೊದಲ್ಲಿ ಕೆಲ್ವಿನ್ ಕಿಪ್ಟಮ್ 2 ಗಂಟೆ 35 ಸೆಕೆಂಡಿನಲ್ಲಿ ಓಡಿದ್ದನ್ನು ಅಲ್ಲಗಳೆಯುವ ಧೈರ್ಯ ನನಗಿಲ್ಲ. ಆದರೆ ದೊಡ್ಡ ನಗರದ ಓಟದಲ್ಲಿ ಪಿಸ್ತೂಲು ಹಾರಿದ ಎಷ್ಟೋ ಹೊತ್ತಿನ ಮೇಲೆ ಹಿಂದಿನವರು ಆರಂಭದ ಗೆರೆಯನ್ನೇ ಕಾಣುತ್ತಾರೆ. ಅದಕ್ಕೇ ಮೈಮೇಲೊಂದು ಚಿಪ್ ಅಂಟಿಸಿ ಒಬ್ಬೊಬ್ಬರಿಗೆ ಒಂದೊಂದು ಸಮಯ ಲೆಕ್ಕಹಾಕುತ್ತಾರೆ. ಅಂದರೆ ಬಹುಪಾಲು ಮಂದಿಯ ಸ್ಪರ್ಧೆ ತಮ್ಮೊಂದಿಗೇ ಎಂಬುದನ್ನು ಸಂಘಟಕರೇ ಒಪ್ಪಿದಂತಾಯಿತು.

ಉಳಿದದ್ದು ಪೊಲೀಸರ ಆಕ್ಷೇಪಣೆ: ರಸ್ತೆ ಬಿಡಬೇಕು, ಕೊನೆಯವನಿಗಾಗಿ ಎಷ್ಟೊತ್ತು ಕಾಯುವುದು? ರಸ್ತೆ ಧಾರಾಳವಾಗಿ ಬಿಡಲಿ. ಓಟಗಾರ ಪಕ್ಕಕ್ಕೆ ಸರಿದು ಬರುತ್ತಾನೆ. ಗಡಿಯಾರವನ್ನು ಮಾತ್ರ ನಿಲ್ಲಿಸಬಾರದು. ಆಂಟ್ವರ್ಪ್‌ನಲ್ಲಿ ಚೌಗುಲೆಯವರಿಗಿಂತ ಮೂರು ಸ್ಥಾನ ಮುಂದೆ ಬಂದ ಜಪಾನಿನ ಶಿಜೊ ಕನಕುರಿ, 1912ರ ಸ್ಟಾಕ್‌ಹೋಮ್ ಓಟದಲ್ಲಿ ಬಿಸಿಲು ತಾಳದೆ ಯಾರದೋ ಮನೆಯ ತೋಟಕ್ಕೆ ಹೋಗಿ, ಯಾರಿಗೂ ಹೇಳದೆ ಊರಿಗೆ ಮರಳಿದ್ದರು. 1967ರಲ್ಲಿ ಅವರನ್ನು ಮತ್ತೆ ಕರೆಸಿ ಓಟ ಪೂರ್ತಿ ಮಾಡಿಸಿದ ಸ್ವೀಡನ್ನಿನವರು 54 ವರ್ಷ, 8 ತಿಂಗಳು, 6 ದಿನ, 5 ಗಂಟೆ, 32 ನಿಮಿಷ, 20.3 ಸೆಕೆಂಡು ಎಂದು ಬರೆದುಕೊಂಡರು, ದಶಾಂಶವನ್ನೂ ಬಿಡಲಿಲ್ಲ. ಇದನ್ನು ಓದಿದ ಮೇಲೂ ನಮ್ಮ ಸಂಘಟಕರು ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಶಾಮಿಯಾನ ಬಿಚ್ಚುವುದಾದರೆ, ಅವಸರ ಯಾರಿಗೆ ಜಾಸ್ತಿ, ಮೊದಲು ಬಂದವನಿಗೋ ಅವರಿಗೋ ಎಂದು ಕೇಳಬೇಕಾಗುತ್ತದೆ.