ತೊಟ್ಟಿಲ ಶಾಸ್ತ್ರಕ್ಕೆ ಬರುವವರಿಗೊಂದು ಬಹಿರಂಗ ಪತ್ರ

ಅಹಮದಾಬಾದ್, ವಡೋದರಾ, ಸೂರತ್ತಿನಲ್ಲಿರುವ ನಮ್ಮ ಬಂಧುಗಳಿಗೆ,

ನಮ್ಮವರ ಮನೆಯಲ್ಲಿ ಮಗು ಹುಟ್ಟಿತೆಂದರೆ ನೀವು ಬರಿಗೈಯಲ್ಲಿ ಬರುವವರಲ್ಲ. ರಜೆ ಹಾಕಿ, ರೈಲು ಹಿಡಿದು, ಮಿಠಾಯಿ ಡಬ್ಬಿಯ ಜೊತೆಗೆ ಜರಿ ಅಂಚಿನ ಫ್ರಾಕೊಂದನ್ನು ಹೊತ್ತು ತರುತ್ತೀರಿ. ಆ ಪ್ರೀತಿ ದೊಡ್ಡದು. ಆದರೆ ಈ ಮೂರೂ ಊರುಗಳಲ್ಲಿ ಬಾಣಂತಿಯರ ಮನೆಗೆ ಹೋಗಿಬಂದವಳಾಗಿ ಒಂದು ಮಾತು ಕೇಳಿಕೊಳ್ಳುತ್ತೇನೆ. ಮುಂದಿನ ಸಲ ಫ್ರಾಕು ಬೇಡ, ಮಗುವಿನ ಲಂಗೋಟಿಗೆಂದು ಒಂದು ಹಳೆಯ ಹತ್ತಿ ಪಂಚೆ ತನ್ನಿ.

ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವ, ಸೂರತ್ತಿನ ಬಳಿಯ ಹಜೀರಾದ ಕಾರ್ಖಾನೆಗಳಲ್ಲಿ ಗುತ್ತಿಗೆಯ ಮೇಲಿರುವ ನಮ್ಮ ಹುಡುಗರ ಸಂಸಾರ ಎಷ್ಟರಲ್ಲಿ ನಡೆಯುತ್ತದೆಂದು ನಿಮಗೆ ಗೊತ್ತು. ಎಳೆಗೂಸು ದಿನಕ್ಕೆ ಹತ್ತು ಹನ್ನೆರಡು ಸಲ ಒದ್ದೆ ಮಾಡುತ್ತದೆ. ಬಳಸಿ ಬಿಸಾಡುವ ಡೈಪರು ಒಂದಕ್ಕೆ ಒಂಬತ್ತು ರೂಪಾಯಿ ಎಂದೇ ಇಟ್ಟುಕೊಳ್ಳಿ, ಉಳಿತಾಯ ಮಾಡಿ ದಿನಕ್ಕೆ ಆರೇ ಹಾಕಿದರೂ ತಿಂಗಳಿಗೆ ಒಂದೂವರೆ ಸಾವಿರ ದಾಟುತ್ತದೆ. 2025ರ ಸೆಪ್ಟೆಂಬರ್ 22ರಿಂದ ಮಕ್ಕಳ ಡೈಪರಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದದ್ದು ಒಳ್ಳೆಯದೇ. ಆದರೆ ಬಾಡಿಗೆ, ಹಾಲು, ಬಾಣಂತಿಯ ಔಷಧಿ ಎಲ್ಲ ಒಂದೇ ಸಂಬಳದಲ್ಲಿ ಆಗಬೇಕಾದ ಮನೆಗೆ ಆ ಇಳಿಕೆ ಏನೇನೂ ಸಾಲದು. ಅಂಗಡಿಯಲ್ಲಿ ಸಿಗುವ ಗುಂಡಿ ಹಚ್ಚಿದ ಬಣ್ಣದ ಬಟ್ಟೆ ಡೈಪರುಗಳಿಗೋ ಒಂದೊಂದಕ್ಕೇ ನೂರಾರು ರೂಪಾಯಿ. ಅವುಗಳಲ್ಲಿ ಇಪ್ಪತ್ತು ಕೊಳ್ಳಲು ಒಟ್ಟಿಗೆ ದುಡ್ಡು ಹೊಂದಿಸುವುದು ಹೇಗೆ?

ಇದೆಲ್ಲ ನಡೆಯುತ್ತಿರುವುದು ಬಟ್ಟೆಯಿಂದಲೇ ಬಾಳಿದ ನಾಡಿನಲ್ಲಿ. ಅಹಮದಾಬಾದಿನಲ್ಲಿ ರಣಛೋಡಲಾಲ್ ಛೋಟಾಲಾಲರ ಮೊದಲ ಹತ್ತಿ ಗಿರಣಿ ಶುರುವಾದದ್ದು 1861ರಲ್ಲಿ. ಆಮೇಲೆ ಊರಿನ ತುಂಬ ಚಿಮಣಿಗಳೆದ್ದವು. 1980, 90ರ ದಶಕಗಳಲ್ಲಿ ಆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಸೂರತ್ತಿನ ರಿಂಗ್ ರೋಡಿನ ಮಾರುಕಟ್ಟೆಗಳಲ್ಲಿ ಇಂದು ರಾಶಿ ಬೀಳುವುದು ಹೆಚ್ಚಾಗಿ ಪಾಲಿಯೆಸ್ಟರ್ ಸೀರೆ. ಉಡಲು ಅದು ಚೆಂದ, ಬೆಲೆಯೂ ಕಡಿಮೆ. ಆದರೆ ಮಗುವಿನ ಕೆಳಗೆ ಹಾಸಿದರೆ ಉಚ್ಚೆ ನಿಂತಲ್ಲೇ ನಿಲ್ಲುತ್ತದೆ. ನೂರು ಗ್ರಾಂ ಹತ್ತಿ ಬರೀ ಗಾಳಿಯಿಂದಲೇ ಎಂಟು ಗ್ರಾಮಿನಷ್ಟು ತೇವ ಹಿಡಿದಿಟ್ಟುಕೊಳ್ಳುತ್ತದೆ, ಪಾಲಿಯೆಸ್ಟರಿಗೆ ಅರ್ಧ ಗ್ರಾಮೂ ಆಗದು. ನೀವು ತರುವ ಫ್ರಾಕೂ ಬಹಳ ಸಲ ಅದೇ ಜಾತಿಯದು.

ಎಂಟು ಮೊಳದ ಒಂದು ಪಂಚೆಯಿಂದ ಎರಡಡಿ ಚೌಕದ ಹತ್ತು ಹನ್ನೆರಡು ತುಂಡು ಬರುತ್ತವೆ. ಮೂರು ಪಂಚೆಯಾದರೆ ಎರಡು ದಿನಕ್ಕೆ ಸಾಲುವಷ್ಟು ಲಂಗೋಟಿ ಸಿದ್ಧ. ಜರಿ ಅಂಚನ್ನು ಕತ್ತರಿಸಿ ತೆಗೆದು, ನಾಲ್ಕೂ ಬದಿ ಮಡಚಿ ಹೊಲಿಯಿರಿ. ಬಿಟ್ಟ ನೂಲು ಮಗುವಿನ ಕಾಲ್ಬೆರಳಿಗೆ ಸುತ್ತಿಕೊಂಡು ರಕ್ತ ಕಟ್ಟಿಸಿದ ಪ್ರಸಂಗಗಳಿವೆ, ಇದರಲ್ಲಿ ಮಾತ್ರ ಸೋಮಾರಿತನ ಬೇಡ. ಹೊಸ ಬಟ್ಟೆಯೇ ಆದರೆ ಗಂಜಿ ಹೋಗುವವರೆಗೆ ನಾಲ್ಕೈದು ಸಲ ಒಗೆದು ಕೊಡಿ, ಇಲ್ಲದಿದ್ದರೆ ಅದು ನೀರು ಹೀರುವುದಿಲ್ಲ. ಹಳೆಯದರ ಗುಣವೇ ಬೇರೆ, ಒಗೆದೊಗೆದು ಮೆತ್ತಗಾಗಿರುತ್ತದೆ.

ಚೌಕ ಬಟ್ಟೆಯೇ ಏಕೆಂದರೆ ಅದು ಒಂದೇ ಪದರದ್ದು. ತ್ರಿಕೋನವಾಗಿ ಮಡಚಿದಾಗ ದಪ್ಪ, ಬಿಚ್ಚಿ ಒಣಹಾಕಿದಾಗ ತೆಳು. ದಪ್ಪ ಪ್ಯಾಡು ಹೊಲಿದ ಡೈಪರು ಸೂರತ್ತಿನ ಆಷಾಢದಲ್ಲಿ ಎರಡು ದಿನವಾದರೂ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ. ಮಗು ಬೆಳೆದಾಗ ಎರಡು ಚೌಕ ಜೋಡಿಸಿ ಕಟ್ಟಿದರಾಯಿತು, ಹೊಸ ಅಳತೆ ಕೊಳ್ಳಬೇಕಿಲ್ಲ.

ಒಂದೇ ಕೋಣೆಯ ಮನೆಯಲ್ಲಿ ಇದನ್ನೆಲ್ಲ ಇಡುವುದೆಲ್ಲಿ ಎಂದು ಬಾಣಂತಿಯರು ಕೇಳುತ್ತಾರೆ. ತರಕಾರಿಯವರ ಪ್ಲಾಸ್ಟಿಕ್ ಕ್ರೇಟು ಒಂದು ಸಾಕು. ಮಡಚಿದ ಲಂಗೋಟಿ ಒಂದು ಕಡೆ, ಹಾಸುವ ಗೋದಡಿ ತುಂಡು ಇನ್ನೊಂದು ಕಡೆ, ತೊಟ್ಟಿಲ ಕೆಳಗೆ ಕೈಗೆಟಕುವಂತೆ. ಬಚ್ಚಲಲ್ಲಿ ಮುಚ್ಚಳವಿರುವ ಬಕೆಟ್ಟು ಒಂದು. ಕಕ್ಕವನ್ನು ಮೊದಲು ಪಾಯಿಖಾನೆಗೆ ಉದುರಿಸಿ, ತಣ್ಣೀರಲ್ಲಿ ಜಾಲಾಡಿ, ಆಮೇಲೆ ಬಕೆಟ್ಟಿಗೆ. ಮೊದಲೇ ಬಿಸಿನೀರು ಹೊಯ್ದರೆ ಕಲೆ ಕೂತುಬಿಡುತ್ತದೆ. ಬೋರ್‌ವೆಲ್ಲಿನ ಗಡಸು ನೀರಿರುವ ಕಡೆ ಸೋಪು ನೊರೆ ಬರುವುದಿಲ್ಲವೆಂದು ಪುಡಿ ಸುರಿಯುತ್ತಾ ಹೋಗಬೇಡಿ. ಉಳಿದ ಸೋಪು ಮಗುವಿನ ತೊಡೆಸಂದಿಯಲ್ಲಿ ಕೆಂಪು ಗಂದೆ ಎಬ್ಬಿಸುತ್ತದೆ. ಕೊನೆಯ ಜಾಲಾಟಕ್ಕಾದರೂ ನಲ್ಲಿಯ ನೀರು ಎತ್ತಿಡಿ. ಬಟ್ಟೆ ಮೆತ್ತಗಾಗಲೆಂದು ಹಾಕುವ ಸುವಾಸನೆಯ ದ್ರಾವಣ ಲಂಗೋಟಿಗೆ ಬೇಡವೇ ಬೇಡ, ಅದು ಹತ್ತಿಯ ಹೀರುವ ಗುಣವನ್ನೇ ಕೆಡಿಸುತ್ತದೆ.

ರಾತ್ರಿ ಒಂದು, ರೈಲಿನಲ್ಲಿ ಒಂದು ಡೈಪರು ಹಾಕಿದರೆ ತಪ್ಪಿಲ್ಲ. ನಿದ್ದೆಗೆಟ್ಟ ತಾಯಿಗೆ ಯಾರೂ ಉಪದೇಶ ಮಾಡಬಾರದು. ಆದರೆ ಹಗಲಿಡೀ ಹಾಕಿದ್ದೆಲ್ಲ ಎಲ್ಲಿಗೆ ಹೋಗುತ್ತದೆಂದು ಯೋಚಿಸಿ. ಬಳಸಿದ ಡೈಪರನ್ನು ಸುತ್ತಿ ಕೊಡಲು ತಯಾರಕರೇ ಚೀಲ ಒದಗಿಸಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದ್ದವು. ನಾನು ಕಂಡ ಮನೆಗಳಲ್ಲಿ ಅದನ್ನು ಕಟ್ಟಿಡುವುದು ಹಾಲಿನ ಕವರಿನಲ್ಲೇ. ಕಸ ಆರಿಸುವ ಹೆಂಗಸರು ಅದನ್ನು ಬರಿಗೈಯಲ್ಲಿ ಬಿಚ್ಚುತ್ತಾರೆ. ಪಿರಾಣಾದ ಕಸದ ಗುಡ್ಡವನ್ನು ಅಹಮದಾಬಾದಿನಲ್ಲಿ ನೋಡದವರುಂಟೇ?

ನಮ್ಮ ಮನೆಗಳಿಂದ ಹತ್ತಿ ಬಟ್ಟೆ ಮಾಯವಾಗುವ ದಾರಿಯೂ ನಿಮಗೆ ಗೊತ್ತಿದೆ. ಬೀದಿಯಲ್ಲಿ ಪಾತ್ರೆಯ ಬುಟ್ಟಿ ಹೊತ್ತ ಹೆಂಗಸು ಬಂದೊಡನೆ ಹಳೆ ಪಂಚೆ, ಹಳೆ ಸೀರೆ ಕೊಟ್ಟು ಸ್ಟೀಲ್ ಡಬ್ಬಿ ತೆಗೆದುಕೊಳ್ಳುತ್ತೇವೆ. ಅವಳ ಹೊಟ್ಟೆಪಾಡಿಗೆ ಕಲ್ಲು ಹಾಕಿ ಎನ್ನುತ್ತಿಲ್ಲ. ಪ್ಯಾಂಟು, ಶರ್ಟು, ಸಿಂಥೆಟಿಕ್ ಸೀರೆ ಧಾರಾಳವಾಗಿ ಕೊಡಿ, ಹತ್ತಿಯದನ್ನು ಎತ್ತಿಡಿ. ಅಹಮದಾಬಾದಿನ ದರಿಯಾಪುರದಲ್ಲಿ ಗಿರಣಿಯ ಚಿಂದಿ ಜೋಡಿಸಿ ಗೋದಡಿಯ ಮೇಲುಹೊದಿಕೆ (ಖೋಲು) ಹೊಲಿದು ಸಂಸಾರ ನಡೆಸಿದ ಹೆಂಗಸರಿದ್ದರು. ಇಳಾ ಭಟ್ಟರು 1972ರಲ್ಲಿ ಕಟ್ಟಿದ ‘ಸೇವಾ’ ಎಂಬ ದುಡಿಯುವ ಹೆಂಗಸರ ಸಂಘ ಅವರ ಕೂಲಿಗಾಗಿ ಹೋರಾಡಿತು. ತುಂಡು ಬಟ್ಟೆಯ ಬೆಲೆ ಅರಿತ ಊರಲ್ಲಿ ನಾವಿದ್ದೇವೆ.

ಇನ್ನು ಅಪ್ಪಂದಿರಿಗೆ. ಹೊಲಿಗೆ ಬಿಚ್ಚಿಕೊಂಡ ಹಸಿ ಬಾಣಂತಿ ಕುಕ್ಕರಗಾಲಲ್ಲಿ ಕೂತು ಲಂಗೋಟಿ ಒಗೆಯುವುದನ್ನು ನಾನು ಕಂಡಿದ್ದೇನೆ, ಗಂಡ ಪಕ್ಕದಲ್ಲೇ ಮೊಬೈಲು ನೋಡುತ್ತಿದ್ದ. ತವರಿನಿಂದ ಅಮ್ಮ ಬರಲಾಗದ ದೂರದ ಊರಿನಲ್ಲಿ ಬಟ್ಟೆ ಒಗೆಯುವವರಿಲ್ಲವೆಂದೇ ಎಷ್ಟೋ ಮನೆಗಳು ದುಬಾರಿ ಡೈಪರಿಗೆ ಬೀಳುತ್ತವೆ. ಹೋಟೆಲಿನಲ್ಲಿ ದಿನವಿಡೀ ದೊಡ್ಡ ದೊಡ್ಡ ಪಾತ್ರೆ ತಿಕ್ಕುವ ಕೈಗೆ ಹತ್ತು ಲಂಗೋಟಿ ಭಾರವೇ? ಕೆಲಸಕ್ಕೆ ಹೊರಡುವ ಮುನ್ನ ಒಗೆದು ತಾರಸಿಗೆ ಹಾಕಿ. ವಡೋದರಾದ ಏಪ್ರಿಲ್ ಬಿಸಿಲಿಗೆ ಸ್ವಲ್ಪ ಹೊತ್ತಿನಲ್ಲೇ ಗರಿಗರಿಯಾಗುತ್ತದೆ, ಹಳದಿ ಕಲೆಯೂ ಬಿಸಿಲಿಗೇ ಹೋಗುತ್ತದೆ.

ಸೂರತ್ತಿನ ನೆಂಟರ ಮನೆಗೆ ಜುಲೈ, ಆಗಸ್ಟಿನಲ್ಲಿ ಹೋಗುವವರು ಪಂಚೆಯ ಜೊತೆಗೆ ಹತ್ತು ಮೀಟರ್ ನೈಲಾನ್ ಹಗ್ಗ, ಎರಡು ಡಜನ್ ಕ್ಲಿಪ್ಪು ಒಯ್ಯಿರಿ. ಫ್ಯಾನಿನ ಕೆಳಗೆ ಆ ಮೂಲೆಯಿಂದ ಈ ಮೂಲೆಗೆ ಹಗ್ಗ ನೀವೇ ಕಟ್ಟಿಕೊಡಿ. ಕಾಫಿ ಕುಡಿದು ಏಳುವ ಮುನ್ನ ಬಚ್ಚಲಿನ ಬಕೆಟ್ಟಿನ ಮುಚ್ಚಳ ತೆಗೆದು ನೋಡಿ, ಇದ್ದದ್ದನ್ನು ಒಗೆದು ಹಾಕಿ ಬನ್ನಿ.

ಇಂತಿ,
ವಡೋದರಾದಿಂದ ನಿಮ್ಮ ಅಕ್ಕ