ಜೀಪಾಭಾವ ನಿರ್ಣಯ

ಹಳೆಯ ಫೋರ್ ವೀಲ್ ಡ್ರೈವ್ ಪಿಕಪ್ಪೊಂದನ್ನು ಕೊಳ್ಳುವ ಮುನ್ನ ಪರೀಕ್ಷಿಸುವುದು ಮೆಕ್ಯಾನಿಕ್ಕಿನ ಕೆಲಸವೆಂದು ಲೋಕ ನಂಬಿಕೊಂಡಿದೆ. ಇದು ಪ್ರಮಾಣಶಾಸ್ತ್ರದ ಕೆಲಸವೆಂಬುದು ನಮ್ಮ ಪ್ರತಿಜ್ಞೆ. ಯಾವ ದಾರಿಯಿಂದ ಬಂದ ತಿಳಿವಳಿಕೆಯನ್ನು ನಂಬಬೇಕೆಂದು ಇತ್ಯರ್ಥ ಮಾಡಿಕೊಳ್ಳದವನು ಬಾನೆಟ್ಟಿಗೆ ಕೈ ಹಚ್ಚಬಾರದು. ಚಾರ್ವಾಕರು ಪ್ರತ್ಯಕ್ಷವೊಂದೇ ಸಾಕೆಂದರು. ಮಾಧ್ವರು ಅದಕ್ಕೆ ಅನುಮಾನ, ಆಗಮಗಳನ್ನು (ಶಬ್ದವೆಂದರೂ ಇದೇ) ಸೇರಿಸಿ ಮೂರಕ್ಕೆ ನಿಂತರು. ನೈಯಾಯಿಕರು ಉಪಮಾನವನ್ನೂ ಕರೆದು ನಾಲ್ಕು ಮಾಡಿದರು. ಕುಮಾರಿಲ ಭಟ್ಟನ ಮೀಮಾಂಸಕರೂ ಅದ್ವೈತಿಗಳೂ ಅರ್ಥಾಪತ್ತಿಯನ್ನು ದಾಟಿ ಆರಕ್ಕೆ ಹೋದರು. ಆ ಆರನೆಯದರ ಹೆಸರು ಅನುಪಲಬ್ಧಿ: ಇದ್ದಿದ್ದರೆ ಕಾಣಬೇಕಾಗಿದ್ದದ್ದು ಕಾಣದಿರುವುದರಿಂದಲೇ ಅದು ಇಲ್ಲವೆಂದು ತಿಳಿಯುವುದು. ಹಳೆಯ ಜೀಪಿನ ವ್ಯಾಪಾರದಲ್ಲಿ ಮೊದಲ ಐದು ಪ್ರಮಾಣಗಳೂ ಮಾರುವವನ ಕೈಯಲ್ಲಿವೆ, ಆರನೆಯದೊಂದು ಮಾತ್ರ ಕೊಳ್ಳುವವನಿಗೆ ಉಳಿದಿದೆ ಎಂಬುದು ಈ ಪ್ರಬಂಧದ ಸಿದ್ಧಾಂತ. ಆದ್ದರಿಂದ ಗಾಡಿಯಲ್ಲಿ ಏನಿದೆ ಎಂದು ನೋಡುವುದನ್ನು ಬಿಟ್ಟು ಏನಿಲ್ಲ ಎಂದು ನೋಡತಕ್ಕದ್ದು.

ಈ ಚರ್ಚೆಗೆ ಬೆಂಗಳೂರಿನ ಉಪ್ಪಾರಪೇಟೆಗಿಂತ ಯೋಗ್ಯವಾದ ಕ್ಷೇತ್ರ ಇನ್ನೊಂದಿಲ್ಲ. ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆಯಿಂದ ಜೀಪು ಹುಡುಕಿಕೊಂಡು ಬರುವವರು ಬಸ್ಸಿಳಿಯುವುದು ಇಲ್ಲಿ. ಬಿಡಿಭಾಗಗಳ ಜೆ.ಸಿ. ರಸ್ತೆಗೂ, ಸಂದೇಹ ಬಂದರೆ ಶಾಸ್ತ್ರ ಕೇಳಲು ಚಾಮರಾಜಪೇಟೆಯ ಸಂಸ್ಕೃತ ಕಾಲೇಜಿಗೂ ಇಲ್ಲಿಂದ ಆಟೋ ಸಿಗುತ್ತದೆ (ಮೀಟರಿನ ಮೇಲೆ ಸಿಗುತ್ತದೆಂದು ನಾವು ಹೇಳಿಲ್ಲ). ಅದಕ್ಕಿಂತ ಮುಖ್ಯ ಕಾರಣವೊಂದಿದೆ. ಮೆಜೆಸ್ಟಿಕ್ಕಿನ ಕೆಂಪೇಗೌಡ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಟ್ಯಾಂಕ್ ಬಂಡ್ ರಸ್ತೆ ಇಂದಿಗೂ ಇದೆ, ಟ್ಯಾಂಕ್ ಇಲ್ಲ. ದಿನಬೆಳಗಾದರೆ ಇಲ್ಲದ ಕೆರೆಯ ಏರಿಯ ಮೇಲೆ ಓಡಾಡುವ ಜನಕ್ಕೆ ಅನುಪಲಬ್ಧಿಯ ಪಾಠವನ್ನು ಹೊಸದಾಗಿ ಹೇಳಬೇಕಿಲ್ಲ. ಒಂದೇ ನಷ್ಟವೆಂದರೆ, ಫೋರ್ ವೀಲ್ ಹಾಕಿ ನೋಡಲು ಬೇಕಾದ ಕೆಸರೂ ಕೆರೆಯ ಜೊತೆಗೇ ಹೋಯಿತು.

ಪರೀಕ್ಷಾವಸ್ತು ಯಾವುದೆಂದು ಮೊದಲು ಗೊತ್ತುಮಾಡಿಕೊಳ್ಳೋಣ. 1940ರ ದಶಕದ ಕೊನೆಯಿಂದ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿದ ಮಹೀಂದ್ರದ ಎತ್ತರದ ಬಾನೆಟ್ಟಿನ ಸಿಜೆ-3ಬಿ, ಅದರ ಹಿಂದಿನ ಸೀಟು ಕಿತ್ತು ತೊಟ್ಟಿ ಕೂರಿಸಿದ ತೋಟದ ಅವತಾರಗಳು, ಎಂಜಿನ್ನನ್ನು ಡ್ರೈವರಿನ ಮೊಣಕಾಲಿನ ಪಕ್ಕಕ್ಕೇ ತಂದು ಚಳಿಗಾಲದಲ್ಲಿ ಸುಖವನ್ನೂ ಮಿಕ್ಕ ಕಾಲದಲ್ಲಿ ವೈರಾಗ್ಯವನ್ನೂ ಕೊಡುವ ಎಫ್‌ಸಿ-150, ಎಫ್‌ಸಿ-160 ಪಿಕಪ್ಪುಗಳು ಒಂದು ವರ್ಗ. (ಎಫ್.ಸಿ. ಇರುವ ಎಫ್‌ಸಿ ಸಿಕ್ಕುವುದು ದುರ್ಲಭ.) ಮಿಲಿಟರಿ ಹರಾಜಿನಿಂದ ಬಂದವು ಇನ್ನೊಂದು ವರ್ಗ: 1969ರಿಂದ 1999ರವರೆಗೆ ಜಬಲ್ಪುರದಲ್ಲಿ ತಯಾರಾದ, 3956 ಸಿಸಿ ಪೆಟ್ರೋಲ್ ಎಂಜಿನ್ನಿನ ಜೋಂಗಾ ಮತ್ತು ಅದರ ದೊಡ್ಡಣ್ಣ ನಿಸ್ಸಾನ್ ಒನ್ ಟನ್. ಜೋಂಗಾದ ಪೆಟ್ರೋಲ್ ಖರ್ಚಿನ ಬಗ್ಗೆ ಶಾಸ್ತ್ರಕಾರರು ಮೌನ ತಾಳಿದ್ದಾರೆ. ನಾವೂ ಅವರನ್ನೇ ಅನುಸರಿಸುತ್ತೇವೆ.

ಮೊದಲ ಪೂರ್ವಪಕ್ಷ ಪ್ರತ್ಯಕ್ಷವಾದಿಗಳದು. ಕಣ್ಣಿಗೆ ಕಂಡದ್ದೇ ಸತ್ಯವಾದರೆ ನಿನ್ನೆ ತಾನೇ ಆಲಿವ್ ಹಸಿರು ಬಳಿಸಿಕೊಂಡ ಜೀಪಿಗಿಂತ ಸತ್ಯವಾದದ್ದು ಈ ಲೋಕದಲ್ಲಿಲ್ಲ. ಆದರೆ ಕೇಂದ್ರ ಮೋಟಾರು ವಾಹನ ನಿಯಮಗಳ 121ನೆಯ ನಿಯಮದ ಪ್ರಕಾರ ರಕ್ಷಣಾ ಇಲಾಖೆಯ ವಾಹನಗಳನ್ನು ಬಿಟ್ಟು ಬೇರೆ ಯಾವುದಕ್ಕೂ ಆ ಬಣ್ಣ ಬಳಿಯುವಂತಿಲ್ಲ. ಅಂದರೆ ಕಾನೂನಿನ ಕಣ್ಣಿಗೆ ಅದು ಇರಬಾರದ ಬಣ್ಣ, ಮತ್ತು ಅದು ಮುಚ್ಚಿರುವುದು ಇಲ್ಲದ ತಗಡನ್ನು. ಡ್ರೈವರಿನ ಕಾಲ ಕೆಳಗಿನ ನೆಲ, ತೊಟ್ಟಿಯ ಮೂಲೆಗಳು, ಬಾಡಿಯನ್ನು ಚಾಸಿಗೆ ಬಿಗಿಯುವ ಬೋಲ್ಟುಗಳ ಸುತ್ತ ನೀರು ನಿಲ್ಲುವ ಜಾಗಗಳು ತುಕ್ಕಿನ ಪೀಠಗಳು. ಅಲ್ಲಿ ಪುಟ್ಟಿ ತುಂಬಿ ಬಣ್ಣ ಹೊಡೆದರೆ ಕಣ್ಣು ತಗಡೆಂದೇ ಓದುತ್ತದೆ. ಸಣ್ಣ ಅಯಸ್ಕಾಂತವೊಂದನ್ನು ತಟ್ಟಿ ನೋಡಿದರೆ ತಗಡಿಗೆ ಕಚ್ಚುತ್ತದೆ, ಪುಟ್ಟಿಯ ಮೇಲೆ ಜಾರಿ ಬೀಳುತ್ತದೆ. ಬಿದ್ದ ಅಯಸ್ಕಾಂತವನ್ನು ಸದ್ದಿಲ್ಲದೆ ಜೇಬಿಗೆ ಹಾಕಿಕೊಂಡು ಬೆಲೆ ಇಳಿಸಬೇಕು. ಇಲ್ಲಿ ಕೆಲಸ ಮಾಡಿದ ಪ್ರಮಾಣ ಯಾವುದು? ಕಚ್ಚದಿರುವುದು.

ಎರಡನೆಯ ಪೂರ್ವಪಕ್ಷ ಹೆಚ್ಚು ಗಂಭೀರವಾದದ್ದು. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿಯಿದೆಯೆಂದು ಊಹಿಸುವ ನೈಯಾಯಿಕ ಸೈಲೆನ್ಸರಿನ ಹಿಂದೆ ಬಂದು ನಿಲ್ಲುತ್ತಾನೆ. ನೀಲಿ ಹೊಗೆಯಿದ್ದರೆ ಆಯಿಲ್ ಉರಿಯುತ್ತಿದೆ, ಕಪ್ಪು ಹೊಗೆಯಿದ್ದರೆ ಡೀಸೆಲ್ ಹೆಚ್ಚಾಗಿ ಬೀಳುತ್ತಿದೆ, ಎಷ್ಟು ಹೊತ್ತಾದರೂ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಹೋಗುತ್ತಿದೆ ಎನ್ನುತ್ತಾನೆ. ಗ್ಯಾರೇಜಿನಲ್ಲೂ ಇದನ್ನು ಒಪ್ಪುತ್ತಾರೆ. ತೊಡಕಿರುವುದು ದೃಷ್ಟಾಂತದಲ್ಲಿ. ನೀಲಿ ಹೊಗೆಯಿದೆ, ಆದ್ದರಿಂದ ರಿಂಗ್ ಸವೆದಿದೆ, ಹಳೆಯ ಟೂ ಸ್ಟ್ರೋಕ್ ಆಟೋವಿನಂತೆ ಎಂದರೆ ಆ ಆಟೋದಲ್ಲಿ ಆಯಿಲನ್ನು ಪೆಟ್ರೋಲಿಗೇ ಬೆರೆಸಿರುತ್ತಾರೆ. ರಿಂಗ್ ಹೊಸದಾದರೂ ಹೊಗೆ ನೀಲಿಯೇ. ಸಾಧ್ಯವಾದ ಸವೆತ ಇಲ್ಲದ ಕಡೆಯೂ ಹೇತುವಾದ ಹೊಗೆಯಿದೆ, ಇದು ಸವ್ಯಭಿಚಾರವೆಂಬ ಹೇತ್ವಾಭಾಸ. ಇನ್ನು ಹೊಗೆಯೇ ಕಾಣದಿದ್ದರೆ ಎಂಜಿನ್ ಚೆನ್ನಾಗಿದೆಯೆಂದು ಹೇಳುವಂತೆಯೂ ಇಲ್ಲ, ಏಕೆಂದರೆ ಎಂಜಿನ್ನಿಗೆ ಗೇರ್ ಆಯಿಲಿನಂಥ ಗಟ್ಟಿ ಎಣ್ಣೆ ಸುರಿದು ಹೊಗೆಯನ್ನೂ ಸದ್ದನ್ನೂ ನಾಲ್ಕು ದಿನ ಅಡಗಿಸಿಡುವ ವಿದ್ಯೆ ಈ ಊರಿನಲ್ಲಿ ಚಿರಪರಿಚಿತ. ಸಿದ್ಧಾಂತಿ ಮಾಡಬೇಕಾದದ್ದು ಇಷ್ಟೆ: ಬೆಳಿಗ್ಗೆ ಏಳಕ್ಕೆ ಹೇಳದೆ ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಡುವುದು. ಅಲ್ಲಿ ಇರಬೇಕಾದದ್ದು ತಣುಪು. ಅದು ಇಲ್ಲದಿದ್ದರೆ ತಣ್ಣಗಿದ್ದಾಗ ಸ್ಟಾರ್ಟ್ ಆಗದ ಗಾಡಿಯನ್ನು ಯಾರೋ ಆರಕ್ಕೇ ಎಬ್ಬಿಸಿದ್ದಾರೆ. ಆಮೇಲೆ ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆಸಬೇಕು. ಬುಸುಗುಟ್ಟಿ ಹೊಗೆ ಮೇಲೆದ್ದರೆ ಗ್ಯಾರೇಜಿನವರು ಬ್ಯಾಕ್ ಕಂಪ್ರೆಷನ್ ಎನ್ನುತ್ತಾರೆ. ಪಿಸ್ಟನ್ನಿನ ಮೇಲೆ ಇರಬೇಕಾದ ಒತ್ತಡ ಅಲ್ಲಿಲ್ಲ ಎಂದು ಅದರ ಅರ್ಥ.

ಅರ್ಥಾಪತ್ತಿಯ ಗತಿಯೂ ಇದೇ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದರೆ ರಾತ್ರಿ ಉಣ್ಣುತ್ತಾನೆಂದು ಕಲ್ಪಿಸಿಕೊಳ್ಳಬೇಕೆಂಬುದು ಶಾಸ್ತ್ರ. ಮೀಟರು ಮೂವತ್ತು ಸಾವಿರ ಕಿಲೋಮೀಟರ್ ತೋರಿಸುತ್ತ ಕ್ಲಚ್ ಪೆಡಲಿನ ರಬ್ಬರ್ ಸವೆದು ಕಬ್ಬಿಣ ಹೊಳೆಯುತ್ತಿದ್ದರೆ ಗಾಡಿ ಮೀಟರು ಮಲಗಿದ್ದಾಗ ಓಡಿದೆಯೆಂದು ಕಲ್ಪಿಸಿಕೊಳ್ಳಬಹುದಿತ್ತು. ಆದರೆ ಪೆಡಲ್ ರಬ್ಬರ್ ಜೆ.ಸಿ. ರಸ್ತೆಯಲ್ಲಿ ಪುಡಿಗಾಸಿಗೆ ಸಿಗುತ್ತದೆ. ಉಪಮಾನವನ್ನಂತೂ ಕೇಳಲೇಬೇಡಿ: ಹೋದ ತಿಂಗಳು ಹಾಸನದಲ್ಲಿ ಇಂಥದ್ದೇ ಗಾಡಿ ಇಷ್ಟಕ್ಕೆ ಹೋಯಿತು ಎನ್ನುತ್ತಾರೆ, ಹಾಸನದ ಆ ಗಾಡಿಯನ್ನು ಕಂಡವರಿಲ್ಲ.

ಶಬ್ದಪ್ರಮಾಣ ಬ್ರೋಕರಿನ ಸ್ವಂತ ಕ್ಷೇತ್ರ. “ಎಸ್ಟೇಟ್ ಗಾಡಿ ಸಾರ್, ಧಣಿಗಳು ಭಾನುವಾರ ಮಾತ್ರ ತೆಗೀತಿದ್ರು” ಎಂಬ ವಾಕ್ಯವನ್ನು ಸುಳ್ಳೆಂದು ತಳ್ಳಿಹಾಕುವುದು ಮೀಮಾಂಸೆ ತಿಳಿಯದವರ ಆತುರ. ವೇದದಲ್ಲಿ ವಿಧಿವಾಕ್ಯಗಳಿವೆ, ಆ ವಿಧಿಗೆ ಮನಸ್ಸು ಒಲಿಯುವಂತೆ ಹೊಗಳುವ ಅರ್ಥವಾದಗಳೂ ಇವೆ. ಬ್ರೋಕರಿನ ಮಾತಿನಲ್ಲಿ ವಿಧಿ ಒಂದೇ: ಅಡ್ವಾನ್ಸ್ ಕೊಡತಕ್ಕದ್ದು. ಸಿಂಗಲ್ ಓನರ್, ಒರಿಜಿನಲ್ ಪೈಂಟ್, ಘಾಟಿಯಲ್ಲಿ ಸೆಕೆಂಡ್ ಗೇರೇ ಬೇಡ ಎಂಬಿತ್ಯಾದಿಯೆಲ್ಲ ಅರ್ಥವಾದ. ಅದನ್ನು ಅಕ್ಷರಶಃ ಓದುವುದು ಓದುಗನ ತಪ್ಪೇ ಹೊರತು ವಾಕ್ಯದ್ದಲ್ಲ. ಆರ್.ಟಿ.ಓ. ಕಚೇರಿಯ ಬಿ ಎಕ್ಸ್‌ಟ್ರಾಕ್ಟ್ ಮಾತ್ರ ಆಗಮಕ್ಕೆ ಹತ್ತಿರವಾದದ್ದು. ಅದರಲ್ಲೂ ಓದಬೇಕಾದದ್ದು ಬರೆದಿರುವ ಓನರುಗಳ ಹೆಸರಿಗಿಂತ ಹೆಚ್ಚಾಗಿ, ಸಾಲ ತೀರಿತೆಂದು ಬರೆಯದೆ ಉಳಿದಿರುವ ಹೈಪಾಥಿಕೇಷನ್ನಿನ ಸಾಲನ್ನು ಮತ್ತು ತೆರಿಗೆ ಕಟ್ಟದ ವರ್ಷಗಳನ್ನು.

ಹೀಗೆ ಐದೂ ಪ್ರಮಾಣಗಳು ಕೈಬಿಟ್ಟ ಮೇಲೆ ಅಭಾವದ ವಿಭಾಗಕ್ಕೆ ಬರೋಣ. ವೈಶೇಷಿಕರು ಅಭಾವ ನಾಲ್ಕು ಬಗೆಯೆಂದರು. ಅವರ ಕಾಲದಲ್ಲಿ ಟ್ರಾನ್ಸ್‌ಫರ್ ಕೇಸ್ ಇರಲಿಲ್ಲವೆಂಬುದನ್ನು ನೆನೆದರೆ ಅವರ ದೂರದೃಷ್ಟಿಗೆ ಕೈ ಮುಗಿಯಬೇಕೆನಿಸುತ್ತದೆ. ಒಂದು ವಸ್ತು ಹುಟ್ಟುವ ಮುಂಚಿನ ಇಲ್ಲದಿರುವಿಕೆ ಪ್ರಾಗಭಾವ. ಅದಕ್ಕೆ ಆದಿಯಿಲ್ಲ, ಅಂತ್ಯವಿದೆ. ಸ್ಟೆಪ್ನಿ, ವೈಪರ್, ಎನ್.ಓ.ಸಿ. ಈ ಬಗೆಯವು: “ಗುರುವಾರ ಕೊಡಿಸ್ತೀನಿ.” ಅಡ್ವಾನ್ಸ್ ಕೈದಾಟಿದ ಗಳಿಗೆಯಲ್ಲಿ ಪ್ರಾಗಭಾವವು ತನ್ನ ಅಂತ್ಯವನ್ನು ಕಳೆದುಕೊಂಡು ನಿತ್ಯವಾಗುತ್ತದೆಂಬ ಪರಿಷ್ಕಾರವನ್ನು ಮಾತ್ರ ನಾವು ಸೇರಿಸುತ್ತೇವೆ.

ಇದ್ದದ್ದು ನಾಶವಾದ ಮೇಲಿನದು ಪ್ರಧ್ವಂಸಾಭಾವ. ಇದಕ್ಕೆ ಆದಿಯಿದೆ, ಅಂತ್ಯವಿಲ್ಲ. ಫೋರ್ ವೀಲ್ ಪಿಕಪ್ಪಿನಲ್ಲಿ ಇದರ ಮುಖ್ಯ ಉದಾಹರಣೆ ಮುಂದಿನ ಪ್ರೊಪೆಲ್ಲರ್ ಶಾಫ್ಟ್. ಕ್ರಾಸ್ ಸವೆದು ಸದ್ದು ಮಾಡಿತೆಂದೋ ಡೀಸೆಲ್ ಉಳಿಯುತ್ತದೆಂದೋ ಯಾವಾಗಲೋ ಬಿಚ್ಚಿಟ್ಟದ್ದು ಗುಜರಿಗೆ ಹೋಗಿರುತ್ತದೆ. ಮುಂದಿನ ಹೌಸಿಂಗ್ ಇದೆ, ಒಳಗೆ ಲಿವರುಗಳೂ ಇವೆ, ನಡುವಿನ ಶಾಫ್ಟ್ ಇಲ್ಲ. ಗಾಡಿಯ ಕೆಳಗೆ ಮಲಗಿ ನೋಡಿದವರಿಗಷ್ಟೇ ಅದು ಗೊತ್ತಾಗುವುದು. ಶಾಫ್ಟ್ ಇದ್ದು ಒಳಗಿನ ಹಲ್ಲು ಮುರಿದಿದ್ದರೆ ಮಲಗಿದರೂ ಗೊತ್ತಾಗದು. ಅದಕ್ಕೆ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಒಂದು ಚಕ್ರವನ್ನು ಜಾಕ್ ಹಾಕಿ ನೆಲ ಬಿಡುವಷ್ಟು ಎತ್ತಿ, ಎಂಜಿನ್ ಆಫ್ ಮಾಡಿ, ಗಾಡಿಯನ್ನು ಗೇರಿನಲ್ಲಿಟ್ಟು ಫೋರ್ ವೀಲ್ ಲಿವರ್ ಹಾಕಬೇಕು. ಹಬ್ಬುಗಳಿಗೆ ಲಾಕ್ ಇದ್ದರೆ ಅದನ್ನೂ ಹಾಕಬೇಕು. ಎತ್ತಿದ ಚಕ್ರವನ್ನು ಎರಡು ಕೈಯಲ್ಲಿ ಹಿಡಿದು ತಿರುಗಿಸಿದರೆ ಅದು ಸಂದಿನ ಲೊಡಲೊಡದಷ್ಟು ಅಲುಗಿ ನಿಲ್ಲಬೇಕು. ಜಾತ್ರೆಯ ತೊಟ್ಟಿಲಿನಂತೆ ಸರಾಗವಾಗಿ ಸುತ್ತಿದರೆ ಟ್ರಾನ್ಸ್‌ಫರ್ ಕೇಸಿಗೂ ಆ ಚಕ್ರಕ್ಕೂ ನಡುವೆ ಎಲ್ಲೋ ಒಂದು ಪ್ರಧ್ವಂಸ ನಡೆದುಹೋಗಿದೆ. ಜಾಕ್ ಹಾಕಿದ್ದು ಹೇಗೂ ಹಾಕಿದ್ದೇ, ಅದೇ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ಕಿಂಗ್‌ಪಿನ್ನಿನ ಆಟವನ್ನೂ ನೋಡಿಕೊಳ್ಳಬಹುದು.

ಮೂರು ಕಾಲದಲ್ಲೂ ಇಲ್ಲದ್ದು ಅತ್ಯಂತಾಭಾವ: ಹಿಂದಿನ ಎರಡೇ ಚಕ್ರಕ್ಕೆ ಶಕ್ತಿಯಿದ್ದು ಹುಟ್ಟಿದ ಗಾಡಿಗೆ ಇನ್ನೊಂದು ಲಿವರ್ ನೆಟ್ಟು ಫೋರ್ ವೀಲ್ ಎನ್ನುವುದು. ಮುಂದಿನ ಆಕ್ಸಲಿನಲ್ಲಿ ಹೌಸಿಂಗೇ ಇರುವುದಿಲ್ಲವಾದ್ದರಿಂದ ಇದಕ್ಕೆ ಹೆಚ್ಚು ಪಾಂಡಿತ್ಯ ಬೇಡ. ನಾಲ್ಕನೆಯದು ಅನ್ಯೋನ್ಯಾಭಾವ, ಗಡಿಗೆ ಬಟ್ಟೆಯಲ್ಲ ಎಂಬ ಬಗೆಯದು. ಆರ್.ಸಿ. ಪುಸ್ತಕ ಪೆಟ್ರೋಲ್ ಎನ್ನುತ್ತದೆ, ಬಾನೆಟ್ಟಿನ ಕೆಳಗೆ ಡೀಸೆಲ್ ಎಂಜಿನ್ ಕೂತಿರುತ್ತದೆ. ಒಪ್ಪಿಗೆಯಿಲ್ಲದೆ ಹೀಗೆ ಬದಲಿಸುವುದು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿಗೆ ವಿರುದ್ಧ. ಇನ್ನೂ ಸೂಕ್ಷ್ಮವಾದ ಅನ್ಯೋನ್ಯಾಭಾವ ಮುಂದಿನ, ಹಿಂದಿನ ಹೌಸಿಂಗುಗಳ ನಡುವೆ ಇರುತ್ತದೆ. ಸಿಜೆ-3ಬಿಯ ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 8. ಚಕ್ರಗಳೆರಡೂ ಒಂದು ಸುತ್ತು ಹಾಕಿದರೆ ಶಾಫ್ಟ್ 5.38 ಸುತ್ತು ಹಾಕುತ್ತದೆ. ಒಂದು ಹೌಸಿಂಗ್ ಮಾತ್ರ ಬೇರೆ ಗಾಡಿಯಿಂದ ಬಂದು ಲೆಕ್ಕ ತಪ್ಪಿದರೆ, ಫೋರ್ ವೀಲ್ ಹಾಕಿದೊಡನೆ ಮುಂದಿನ ಚಕ್ರಗಳು ಒಂದು ವೇಗ, ಹಿಂದಿನವು ಇನ್ನೊಂದು ವೇಗ ಕೇಳತೊಡಗಿ ನಡುವೆ ಟ್ರಾನ್ಸ್‌ಫರ್ ಕೇಸ್ ನರಳುತ್ತದೆ. ಮುಂದೊಂದು ಅಳತೆ, ಹಿಂದೊಂದು ಅಳತೆಯ ಟೈರುಗಳಿಂದಲೂ ಇದೇ ಜಗಳ.

ಇಲ್ಲಿ ತರ್ಕ ಬಲ್ಲವರು ಎದ್ದುನಿಂತು ಕೇಳುವ ಆಕ್ಷೇಪವೊಂದಿದೆ. ಇಲ್ಲದಿರುವುದೇ ಪ್ರಮಾಣವಾದರೆ, ಗಾಡಿಯ ಕೆಳಗೆ ಎಣ್ಣೆ ತೊಟ್ಟಿಕ್ಕಿಲ್ಲ ಎಂಬ ಅನುಪಲಬ್ಧಿ ಮಾರುವವನ ಪರವಾಗಿಯೇ ಸಾಕ್ಷಿ ಹೇಳುವುದಿಲ್ಲವೇ? ಆಕ್ಷೇಪ ಚೆನ್ನಾಗಿದೆ, ಉತ್ತರವನ್ನು ಮೀಮಾಂಸಕರೇ ಕೊಟ್ಟಿದ್ದಾರೆ. ಬರೀ ಅನುಪಲಬ್ಧಿ ಸಾಲದು, ಯೋಗ್ಯಾನುಪಲಬ್ಧಿ ಬೇಕು. ವಸ್ತು ಇದ್ದಿದ್ದರೆ ಕಾಣಿಸಿಯೇ ತೀರಬೇಕಾದ ಸ್ಥಿತಿಯಲ್ಲಿ ಅದು ಕಾಣಬಾರದು. ಕತ್ತಲಲ್ಲಿ ಗಡಿಗೆ ಕಾಣಲಿಲ್ಲವೆಂದರೆ ಗಡಿಗೆ ಇಲ್ಲವೆಂದಲ್ಲ. ಹಾಗೆಯೇ ಬೆಳಿಗ್ಗೆ ತಾನೇ ನೀರು ಹಾಕಿ ತೊಳೆದ ನೆಲ, ಹೊಸದಾಗಿ ಮರಳು ಚೆಲ್ಲಿದ ಅಂಗಳ ಯೋಗ್ಯಸ್ಥಳವಲ್ಲ. ನೆಲ ಯೋಗ್ಯವೇ ಆಗಿದ್ದು ನಿಜವಾಗಿಯೂ ಒಂದು ಹನಿಯೂ ಬಿದ್ದಿಲ್ಲದಿದ್ದರೆ ಆಗಲೂ ಹಿಗ್ಗಬಾರದು. ಅರವತ್ತು ವರ್ಷದ ಹಿಂದಿನ ಸೀಲುಗಳ ವಿನ್ಯಾಸವೇ ಸ್ವಲ್ಪ ಸೋರುವಂಥದ್ದು. ಸೋರುತ್ತಿಲ್ಲವೆಂದರೆ ಸೋರಲು ಒಳಗೆ ಎಣ್ಣೆಯಿಲ್ಲದಿರುವ ಸಾಧ್ಯತೆಯನ್ನು ಮೊದಲು ನೋಡಿಕೊಳ್ಳಬೇಕು. ಡಿಪ್‌ಸ್ಟಿಕ್ ಎಳೆದು, ಟ್ರಾನ್ಸ್‌ಫರ್ ಕೇಸಿನ ಬಿರಡೆ ಬಿಚ್ಚಿ ಬೆರಳು ತೂರಿಸಿದರೆ ವಾದ ಮುಗಿಯುತ್ತದೆ.

ಬೌದ್ಧರ ಆಕ್ಷೇಪ ಇದಕ್ಕಿಂತ ಆಳದ್ದು. ಮಿಲಿಂದ ದೊರೆಗೆ ನಾಗಸೇನ ರಥವನ್ನೇ ತೋರಿಸಿ, ಚಕ್ರ ರಥವೇ, ಅಚ್ಚು ರಥವೇ, ಮೂಕಿ ರಥವೇ ಎಂದು ಕೇಳಿ, ರಥವೆಂಬುದು ಬರಿಯ ಹೆಸರೆಂದು ಒಪ್ಪಿಸಿದ. ಎಂಜಿನ್ ಬದಲಾಗಿ, ಗೇರ್ ಬಾಕ್ಸ್ ಬದಲಾಗಿ, ಬಾಡಿಯನ್ನು ಹೊಸ ತಗಡಿನಲ್ಲಿ ಟಿಂಕರ್ ಕಟ್ಟಿದ ಮೇಲೆ ವಿಲ್ಲೀಸ್ ಎಂಬುದು ಎಲ್ಲಿದೆ, ಇಲ್ಲದ ಗಾಡಿಯ ಅಭಾವಗಳನ್ನು ಎಣಿಸುವುದು ಹೇಗೆ ಎಂದು ಬೌದ್ಧರು ಕೇಳಬಹುದು. ನಾಗಸೇನನಿಗೆ ಆರ್.ಟಿ.ಓ. ಇನ್‌ಸ್ಪೆಕ್ಟರು ಎದುರಾಗಿರಲಿಲ್ಲ ಎಂಬುದಷ್ಟೇ ನಮ್ಮ ಸಮಾಧಾನ. ಚಾಸಿಯ ಮೇಲೆ ಕೊರೆದ ನಂಬರಿಗೆ ಕಾಗದ ಒತ್ತಿ ಪೆನ್ಸಿಲ್ ಉಜ್ಜಿದಾಗ ಬೂದುಬಣ್ಣದ ನಡುವೆ ಬೆಳ್ಳಗೆ ಮೂಡುವ ಅಂಕಿಗಳೇ ಗಾಡಿ, ಮಿಕ್ಕದ್ದೆಲ್ಲ ನಾಮರೂಪ. ಆದ್ದರಿಂದಲೇ ಆ ನಂಬರಿನ ಸುತ್ತ ಅಂಗೈಯಗಲ ಜಾಗವನ್ನು ಮಿಕ್ಕ ಇಡೀ ಗಾಡಿಗಿಂತ ಹೆಚ್ಚು ಹೊತ್ತು ನೋಡಬೇಕು. ಚಾಸಿಯೆಲ್ಲ ತುಕ್ಕು ಹಿಡಿದು ಅಲ್ಲೊಂದೇ ಕಡೆ ತುಕ್ಕು ಇಲ್ಲದಿದ್ದರೆ ಗ್ರೈಂಡರ್ ಹರಿದಿದೆ. ಅಂಥ ಗಾಡಿಗೆ ಯಾವ ಬೆಲೆಯೂ ಇಲ್ಲ. ಕೇಳಬೇಕಾದದ್ದು ಮುಂದಿನ ಬಸ್ಸಿನ ವೇಳೆ. ಉಪ್ಪಾರಪೇಟೆ ಪೊಲೀಸ್ ಠಾಣೆಯೂ ಹತ್ತಿರದಲ್ಲೇ ಇದೆ.

ಇಷ್ಟೆಲ್ಲ ಅಭಾವ ಹುಡುಕುತ್ತ ಹೋದರೆ ಯಾವ ಜೀಪನ್ನೂ ಕೊಳ್ಳುವಂತಿಲ್ಲವಲ್ಲ ಎಂಬುದು ಕೊನೆಯ ಆಕ್ಷೇಪ. ಕೊಳ್ಳಬಾರದೆಂದು ನಾವು ಎಲ್ಲೂ ಹೇಳಿಲ್ಲ. ಅಭಾವಕ್ಕೂ ಜೆ.ಸಿ. ರಸ್ತೆಯಲ್ಲಿ ದರವಿದೆ: ಪ್ರೊಪೆಲ್ಲರ್ ಶಾಫ್ಟ್ ಸಿಗುತ್ತದೆ, ಕ್ರಾಸ್ ಸಿಗುತ್ತದೆ, ಹುಡುಕಿದರೆ ಹಲ್ಲಿನ ಲೆಕ್ಕ ಹೊಂದುವ ಹೌಸಿಂಗೂ ಸಿಗುತ್ತದೆ. ಕೊರತೆಗಳ ಒಟ್ಟು ದರವನ್ನು ಕೇಳಿದ ಬೆಲೆಯಿಂದ ಕಳೆದರೆ ಗಾಡಿಯ ಬೆಲೆ ಬರುತ್ತದೆ. ಕೆಲವೊಮ್ಮೆ ಋಣಸಂಖ್ಯೆ ಬರುವುದುಂಟು. ಆಗ ಮಾರುವವನೇ ದುಡ್ಡು ಕೊಡಬೇಕಾಗುತ್ತದೆಂಬುದು ಗಣಿತದ ಮಾತು, ವ್ಯವಹಾರದ್ದಲ್ಲ.

ಒಂದು ಅಭಾವವೂ ಇಲ್ಲದ, ಹುಟ್ಟಿದಾಗ ಇದ್ದಂತೆಯೇ ಇರುವ ಗಾಡಿ ಸಿಕ್ಕರೆ ಏನು ಮಾಡಬೇಕೆಂಬುದನ್ನು ಶಾಸ್ತ್ರಕಾರರು ಯೋಚಿಸಲಿಲ್ಲ, ಕೇಂದ್ರ ಸರ್ಕಾರ ಯೋಚಿಸಿತು. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ನಂಬರಿನಲ್ಲಿ ‘ವಿಎ’ ಎಂಬ ಅಕ್ಷರಗಳು. ಅಂಥ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ರಸ್ತೆಗಿಳಿಸುವಂತಿಲ್ಲ. ಎಲ್ಲವೂ ಇರುವ ಗಾಡಿಗೆ ದಾರಿಯೇ ಇಲ್ಲವೆಂಬ ಈ ಐದನೆಯ ಅಭಾವವನ್ನು ಕಂಡು ಕೆಲವರು ಕಂಗೆಟ್ಟಿದ್ದಾರೆ. ಅವರು ನಿಯಮವನ್ನು ಪೂರ್ತಿ ಓದಿಲ್ಲ. ಪ್ರದರ್ಶನ, ರ್‍ಯಾಲಿ, ಇಂಧನ ತುಂಬಿಸುವುದು, ರಿಪೇರಿ ಇವಕ್ಕೆ ರಸ್ತೆಗೆ ತರಲು ಅನುಮತಿಯಿದೆ. ಹಳೆಯ ಫೋರ್ ವೀಲ್ ಪಿಕಪ್ ಬಂಕಿಗೂ ಗ್ಯಾರೇಜಿಗೂ ಅಲ್ಲದೆ ಬೇರೆಲ್ಲಿಗಾದರೂ ಹೋಗಿಬಂದದ್ದಕ್ಕೆ ಪ್ರಮಾಣವನ್ನು ಪೂರ್ವಪಕ್ಷದವರೇ ಒದಗಿಸಲಿ.